ನಗೆ ಅನಿಲ ಮತ್ತು ಪಾದದ ಜೋಮು

ಪ್ರಶ್ನೆ: ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುತ್ತಿರುವ ನನ್ನ ಮಗ ಕೆಲವು ತಿಂಗಳಿಂದ ಗೆಳೆಯರೊಡನೆ ಬಲೂನಿನಿಂದ ನಗೆ ಅನಿಲ ಸೇದುತ್ತಿದ್ದುದಾಗಿ ಈಚೆಗೆ ಒಪ್ಪಿಕೊಂಡ. ಅದು ‘ಲೀಗಲ್ ಹೈ’ (ಕಾನೂನು ನಿಷೇಧಿಸದ ಅಮಲು), ಹಲ್ಲಿನ ಡಾಕ್ಟರೂ ಕೊಡುತ್ತಾರೆ ಎನ್ನುತ್ತಾನೆ. ಎರಡು ವಾರದಿಂದ ಪಾದಗಳಲ್ಲಿ ಜೋಮು ಇದೆಯಂತೆ. ನಮ್ಮದು ಸಸ್ಯಾಹಾರಿ ಮನೆ. ಇದಕ್ಕೆ ಚಿಂತಿಸಬೇಕೇ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಚಿಂತಿಸಬೇಕು. ರಜೆಗೆ ಊರಿಗೆ ಬಂದಾಗ ತೋರಿಸಿದರಾಯಿತೆಂದು ಕಾಯದೆ, ನಿಮ್ಮ ಮಗ ಕೂಡಲೇ ಅಲ್ಲಿನ ವೈದ್ಯರನ್ನು ಕಂಡು, ಅನಿಲ ಸೇದಿದ್ದನ್ನು ಮುಚ್ಚಿಡದೆ ಹೇಳಬೇಕು. ಬೈಯುವುದನ್ನು ಆಮೇಲಕ್ಕೆ ಇಟ್ಟುಕೊಳ್ಳಿ. ಬೈಗುಳಕ್ಕೆ ಹೆದರಿ ಅವನು ವಿಷಯ ಮರೆಮಾಚಿದರೆ ರೋಗದ ಮೂಲವೇ ವೈದ್ಯರಿಗೆ ಹೊಳೆಯದೆ ಹೋಗಬಹುದು.

‘ಲೀಗಲ್’ ಎಂಬ ಮಾತು ಹಳೆಯದಾಯಿತು. ಬ್ರಿಟನ್ನಿನಲ್ಲಿ 2023ರ ನವೆಂಬರ್ 8ರಿಂದ ನೈಟ್ರಸ್ ಆಕ್ಸೈಡನ್ನು, ಅಂದರೆ ಈ ನಗೆ ಅನಿಲವನ್ನು, ಅಮಲಿಗಾಗಿ ಇಟ್ಟುಕೊಳ್ಳುವುದೇ ಅಪರಾಧ. ನಿಷೇಧವಿಲ್ಲದ್ದೆಲ್ಲ ನಿರಪಾಯವೂ ಅಲ್ಲ: ಮೆಫೆಡ್ರೋನ್ ಎಂಬ ಉತ್ತೇಜಕವು ಗಿಡದ ಗೊಬ್ಬರವೆಂಬ ಚೀಟಿ ಹಚ್ಚಿಕೊಂಡು, 2010ರ ಏಪ್ರಿಲ್‌ನಲ್ಲಿ ನಿಷೇಧವಾಗುವವರೆಗೂ ಅಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿತ್ತು. ಹಲ್ಲಿನ ವೈದ್ಯರಾದರೋ ಈ ಅನಿಲವನ್ನು ಆಮ್ಲಜನಕದೊಡನೆ ಬೆರೆಸಿ, ಅಳತೆಯಲ್ಲಿ, ಸ್ವಲ್ಪ ಹೊತ್ತು ಮಾತ್ರ ಕೊಡುತ್ತಾರೆ.

ಜೋಮಿಗೆ ಕಾರಣ ಬಿ12 ಜೀವಸತ್ವದಲ್ಲಿದೆ. ಅದರ ನಡುವಿರುವ ಕೋಬಾಲ್ಟ್ ಪರಮಾಣುವನ್ನು ಈ ಅನಿಲವು ಉತ್ಕರ್ಷಿಸಿ ಕೆಡಿಸುವುದರಿಂದ, ಬಿ12 ದೇಹದಲ್ಲಿದ್ದೂ ಕೆಲಸಕ್ಕೆ ಬಾರದಂತಾಗಿ, ನರಗಳ ಮೇಲಿನ ಮಯಲಿನ್ ಪೊರೆ ಸವೆಯುತ್ತದೆ. ಬೆನ್ನುಹುರಿಯ ಹಿಂಬದಿಗೆ ಹೆಚ್ಚು ಪೆಟ್ಟು ಬೀಳುತ್ತದೆ. ಸಸ್ಯಗಳಲ್ಲಿ ಬಿ12 ಇಲ್ಲವೆನ್ನುವಷ್ಟು ಕಡಿಮೆ; ಹಾಲು, ಮೊಸರುಗಳಿಂದ ಸಿಗುವುದನ್ನೇ ನೆಚ್ಚಿಕೊಂಡ ನಮ್ಮ ಸಸ್ಯಾಹಾರಿಗಳಲ್ಲಿ ಅನೇಕರ ದಾಸ್ತಾನು ಮೊದಲೇ ತೆಳುವಾಗಿರುತ್ತದೆ. ನಿಮ್ಮ ಮಗನ ವಿಷಯದಲ್ಲಿ ನನಗೆ ಹೆಚ್ಚಿನ ಆತಂಕವಿರುವುದು ಇದಕ್ಕಾಗಿಯೇ.

ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಓಲಾಡುತ್ತಾನೆಯೇ, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗುವುದಿಲ್ಲವೇ, ಕತ್ತು ಬಗ್ಗಿಸಿದರೆ ಬೆನ್ನುದ್ದಕ್ಕೂ ಕರೆಂಟು ಹೊಡೆದಂತಾಗುತ್ತದೆಯೇ ಎಂದು ಕೇಳಿ. ರಕ್ತದ ಬಿ12 ಮಟ್ಟ ಸರಿಯಾಗಿಯೇ ಕಂಡರೂ ಸಮಾಧಾನಪಡುವಂತಿಲ್ಲ. ಬಿ12 ಕೆಲಸ ಮಾಡದಿದ್ದಾಗ ರಕ್ತದಲ್ಲಿ ಹೆಚ್ಚುವ ಹೋಮೋಸಿಸ್ಟೀನ್ ಮತ್ತು ಮೀಥೈಲ್‌ಮೆಲೋನಿಕ್ ಆಮ್ಲದ ಪರೀಕ್ಷೆಗಳು ನಿಜಸ್ಥಿತಿಯನ್ನು ಇನ್ನೂ ಚೆನ್ನಾಗಿ ತಿಳಿಸುತ್ತವೆ. ಚಿಕಿತ್ಸೆಯೆಂದರೆ ಅನಿಲವನ್ನು ಪೂರ್ತಿ ಬಿಟ್ಟು ಬಿ12 ಚುಚ್ಚುಮದ್ದು ತೆಗೆದುಕೊಳ್ಳುವುದು. ಮಾತ್ರೆ ನುಂಗುತ್ತ ಬಲೂನು ಮುಂದುವರಿಸಬಹುದೆಂಬ ಲೆಕ್ಕಾಚಾರ ನಡೆಯದು, ಏಕೆಂದರೆ ಹೊಸದಾಗಿ ಬಂದ ಬಿ12 ಕೂಡ ಹಾಗೆಯೇ ಕೆಡುತ್ತದೆ. ಬೇಗ ಹಿಡಿದರೆ ಬಹುಮಟ್ಟಿಗೆ ಗುಣವಾಗುತ್ತದೆ, ಆದರೆ ತಿಂಗಳುಗಳೇ ಹಿಡಿಯಬಹುದು.

ಕಾಲಿನ ಬಲ ಕುಂದಿದರೆ ಅಥವಾ ಮೂತ್ರ ವಿಸರ್ಜನೆಗೆ ಕಷ್ಟವಾದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ತುರ್ತು ವಿಭಾಗಕ್ಕೆ ಹೋಗಲಿ.