ಸಂಪಾದಕರ ಉತ್ತರ: ಆಕಿ ಬಂಗಾರ ತಗೊಂಡ್ ಹೋದ್ಲೋ, ಇಲ್ಲೋ?

ಕೊಪ್ಪಳದಿಂದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರ ಪೂರ್ತಿ ಅಚ್ಚು ಮಾಡಲು ಜಾಗ ಸಾಲದು, ಸಾರ ಹೇಳಿಬಿಡುತ್ತೇನೆ.

ಇವರು ಐದು ಜನ ಗೆಳತಿಯರು. ದಿನಾ ಕೊಪ್ಪಳದಿಂದ ಹೊಸಪೇಟೆಗೆ ರೈಲಿನಲ್ಲಿ ಅಪ್‌ಡೌನ್. ಇಬ್ಬರದು ಆಫೀಸು ಕೆಲಸ, ಒಬ್ಬರು ನರ್ಸ್, ಒಬ್ಬರು ಟೀಚರ್, ಇನ್ನೊಬ್ಬರು ಸೀರೆ ಅಂಗಡಿಯಲ್ಲಿ ಲೆಕ್ಕ ನೋಡುವವರು. ಒಂದು ಪುಸ್ತಕ ತಂದರೆ ಅದು ಕೈಯಿಂದ ಕೈಗೆ ದಾಟುತ್ತದೆ. ಓದಿದ್ದನ್ನು ದಾರಿಯಲ್ಲಿ ಮಾತಾಡಬೇಕು ಅಂತ ಶುರು ಮಾಡಿದ್ದು. ಆದರೆ ಗಿಣಿಗೇರಾ ದಾಟುವಷ್ಟರಲ್ಲಿ ಮಾತು ಪುಸ್ತಕ ಬಿಟ್ಟು ಎಲ್ಲಿಗೋ ಹೋಗಿರುತ್ತದೆ. ಮಗಳ ಪಿಯುಸಿ, ಅತ್ತೆಯ ಮೊಣಕಾಲು, ಜೋಳದ ರೇಟು, ಬಾಡಿಗೆ ಮನೆಯ ಬೋರು. ಮುನಿರಾಬಾದಿನ ಹೊತ್ತಿಗೆ ಯಾವ ಪುಸ್ತಕದಿಂದ ಶುರುವಾಯಿತು ಎಂಬುದೇ ಮರೆತಿರುತ್ತದೆ. ಆಫೀಸಿನಲ್ಲಿ ಒಬ್ಬರು ದಿನಾ ಕಾಡುತ್ತಾರಂತೆ: "ಏನ್ರೀ ಮೇಡಂ, ನಿಮ್ಮ ಸಾಹಿತ್ಯ ಸಮ್ಮೇಳನ ಎಲ್ಲೀತನಕ ಬಂತು?"

ಅವರು ಕೇಳಿದ್ದು ಇಷ್ಟು. ಮಾತು ಪುಸ್ತಕದ ಮೇಲೇ ನಿಲ್ಲುವ ಹಾಗೆ ಏನಾದರೂ ನಿಯಮ ಮಾಡಬೇಕಾ? ಸೀರೆ ಅಂಗಡಿಯ ಗೆಳತಿ ಒಂದು ಪುಸ್ತಕವನ್ನೂ ಓದುವುದಿಲ್ಲ, ಆದರೆ ಎಲ್ಲರಿಗಿಂತ ಜಾಸ್ತಿ ಮಾತಾಡುತ್ತಾರೆ, ಅವರಿಗೆ ಹೇಗೆ ಹೇಳುವುದು? ಜೊತೆಗೆ, ಓದಲೇಬೇಕಾದ ಹತ್ತು ಪುಸ್ತಕಗಳ ಪಟ್ಟಿ ಕೊಡಿ.

ನನ್ನನ್ನು 'ಅಣ್ಣಾವ್ರೇ' ಅಂತ ಕರೆದಿದ್ದೀರಿ. ನಾನೂ ತಂಗಿ ಅಂತಲೇ ತಿಳಿದು ಬರೆಯುತ್ತೇನೆ.

ತಂಗೀ, ನಿಮ್ಮ ಪತ್ರದ ಮೂರನೇ ಪುಟದಲ್ಲಿ ಒಂದು ಘಟನೆ ಇದೆ. ನೀವು ಅದನ್ನು ದೂರಿನ ಹಾಗೆ ಬರೆದಿದ್ದೀರಿ. ನಾನು ಅದನ್ನು ಓದಿ, ಪಕ್ಕದ ಮೇಜಿನವರನ್ನು ಕರೆದು ಅವರಿಗೂ ಓದಿ ಹೇಳಿದೆ. ಬೇರೆ ಓದುಗರಿಗೂ ಗೊತ್ತಾಗಲಿ.

ಒಂದು ಕಾದಂಬರಿಯ ವಿಷಯ ನಡೆದಿತ್ತು. ಹೆಸರು ನೀವು ಬರೆದಿಲ್ಲ, ಇರಲಿ. ಅದರಲ್ಲಿ ಸೊಸೆ ಒಂದು ರಾತ್ರಿ ಮನೆ ಬಿಟ್ಟು ಹೋಗುತ್ತಾಳೆ. ಓದಿದ ನಾಲ್ವರೂ ಆಕೆಯ ಸ್ವಾತಂತ್ರ್ಯ, ಆಕೆಯ ಧೈರ್ಯ ಅಂತ ಮಾತಾಡುತ್ತಿದ್ದಿರಿ. ಅಷ್ಟು ಹೊತ್ತು ಕಿಟಕಿ ಪಕ್ಕ ಶೇಂಗಾ ಸುಲಿಯುತ್ತಾ ಕೂತಿದ್ದ ಸೀರೆ ಅಂಗಡಿಯವರು ನಡುವೆ ಬಾಯಿ ಹಾಕಿದರು: "ಅದೆಲ್ಲಾ ಇರ್ಲಿ. ಆಕಿ ಬಂಗಾರ ತಗೊಂಡ್ ಹೋದ್ಲೋ, ಇಲ್ಲೋ?"

ಯಾರಿಗೂ ಗೊತ್ತಿಲ್ಲ! ಓದಿದವರು ನಾಲ್ಕು ಜನ, ಒಬ್ಬರಿಗೂ ನೆನಪಿಲ್ಲ. ಪುಸ್ತಕ ತೆಗೆದು ಆ ಅಧ್ಯಾಯ ಹುಡುಕಿದಿರಿ. ಟ್ರಂಕು ತೆಗೆದಳು, ಎರಡು ಸೀರೆ ಮಡಚಿದಳು, ಮಗುವಿನ ಅಂಗಿ ಇಟ್ಟಳು ಅಂತ ಇದೆ. ಬಂಗಾರದ ಮಾತೇ ಇಲ್ಲ. ಅಲ್ಲಿಂದ ಹೊಸಪೇಟೆ ಬರುವ ತನಕ ಜಗಳ. ತವರಿನವರು ಹಾಕಿದ್ದು ಅವಳದು, ಅತ್ತೆ ಹಾಕಿದ್ದು ಬಿಟ್ಟು ಹೋಗಬೇಕು ಅಂತ ಒಬ್ಬರು. ಎಲ್ಲಾ ಅವಳದೇ ಅಂತ ನರ್ಸ್. ಬಿಟ್ಟು ಹೋದರೇ ಮರ್ಯಾದೆ ಅಂತ ಟೀಚರ್. "ಮರ್ಯಾದಿ ತಗೊಂಡ್ ಬಾಡಿಗಿ ಕಟ್ಟಾಕ ಬರ್ತೈತೇನ್ರೀ?" ಅಂತ ಸೀರೆ ಅಂಗಡಿ.

ಕೊನೆಗೆ ನೀವು ಬರೆದಿದ್ದೀರಿ: "ಹೀಗೆ ಅವತ್ತಿನ ಚರ್ಚೆ ಹಾಳಾಯಿತು."

ಹಾಳಾಯಿತಾ? ಕಾದಂಬರಿಕಾರರು ಬಿಟ್ಟ ಜಾಗಕ್ಕೆ ಸರಿಯಾಗಿ ಬೆರಳಿಟ್ಟವರು ಅವರೊಬ್ಬರೇ. ಕೈಯಲ್ಲಿ ಬಂಗಾರ ಇರುವ ಸೊಸೆಯ ಧೈರ್ಯ ಬೇರೆ, ಬರಿಗೈಯಲ್ಲಿ ಹೊರಟವಳ ಧೈರ್ಯ ಬೇರೆ. ಎರಡೂ ಒಂದೇ ಕಥೆ ಅಲ್ಲ. ನಮ್ಮ ಪತ್ರಿಕೆಗೆ ಬರುವ ಪುಸ್ತಕ ವಿಮರ್ಶೆಗಳಲ್ಲಿ ಇಂಥ ಪ್ರಶ್ನೆ ನೋಡಿ ಬಹಳ ದಿನವಾಯಿತು. ಅಲ್ಲಿ 'ಸ್ತ್ರೀ ಸಂವೇದನೆ' ಇರುತ್ತದೆ, 'ಅಸ್ಮಿತೆ' ಇರುತ್ತದೆ, ಟ್ರಂಕಿನಲ್ಲಿ ಏನಿತ್ತು ಅಂತ ಯಾರೂ ಕೇಳುವುದಿಲ್ಲ.

ಅಂದಹಾಗೆ, ನಿಮ್ಮ ಜಗಳ ಕಾನೂನಿನ ಮಟ್ಟಿಗೆ ನರ್ಸ್ ಕಡೆಗೆ ತೀರ್ಮಾನವಾಗುತ್ತದೆ. ಮದುವೆಗೆ ಮೊದಲು, ಮದುವೆಯಲ್ಲಿ, ಆಮೇಲೆ ಹೆಣ್ಣಿಗೆ ಅಂತ ಕೊಟ್ಟದ್ದು ಸ್ತ್ರೀಧನ. ತವರಿನವರು ಕೊಟ್ಟಿರಲಿ, ಅತ್ತೆ ಮನೆಯವರು ಕೊಟ್ಟಿರಲಿ, ಅದು ಅವಳದೇ. 1985ರಲ್ಲಿ ಸುಪ್ರೀಂ ಕೋರ್ಟು, ಸ್ತ್ರೀಧನ ಗಂಡನ ಮನೆಗೆ ಬಂದ ಮಾತ್ರಕ್ಕೆ ಗಂಡ ಹೆಂಡತಿಯ ಜಂಟಿ ಆಸ್ತಿ ಆಗುವುದಿಲ್ಲ ಎಂದು ಹೇಳಿತು. ಟೀಚರ್ ಅವರ ಮರ್ಯಾದೆಯ ಪ್ರಶ್ನೆಗೆ ಕೋರ್ಟಿನಲ್ಲಿ ಉತ್ತರ ಇಲ್ಲ, ಅದನ್ನು ನೀವೇ ರೈಲಿನಲ್ಲಿ ಮುಂದುವರಿಸಬೇಕು.

ಈಗ ಓದದ ಗೆಳತಿಯ ವಿಷಯ. ನೀವೇ ಬರೆದಿದ್ದೀರಿ: "ಯಾಕೆ ಓದಲ್ಲ ಅಂತ ಕೇಳಿದರೆ, 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್ ಅಂತ ನಮ್ಮ ಬಗ್ಗೇನೇ ಬರ್ದಾರ, ನಾವು ಕೊಪ್ಪಳದವ್ರು, ಓದೂದು ಬ್ಯಾಡ' ಅಂತಾಳೆ." ಇದನ್ನು ಓದಿ ನಕ್ಕಿದ್ದು ಇನ್ನೂ ನಿಂತಿಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗದ ಮಾತು, ಕೂತು ಓದದಿದ್ದರೂ ಕಾವ್ಯ ಬಲ್ಲ ಜಾಣರು ಅಂತ ಅರ್ಥ. ಕನ್ನಡದ ತಿರುಳು ಇರುವ ನಾಡು ಎಂದು ಆ ಗ್ರಂಥ ಹೇಳುವ ನಾಲ್ಕು ಊರುಗಳಲ್ಲಿ 'ವಿದಿತ ಮಹಾಕೊಪಣನಗರ'ವೂ ಒಂದು, ಅದು ನಿಮ್ಮ ಕೊಪ್ಪಳವೇ ಅನ್ನುತ್ತಾರೆ. ನವೆಂಬರ್ ಬಂತೆಂದರೆ ಪ್ರತಿ ಬ್ಯಾನರ್ ಮೇಲೂ ಈ ಸಾಲು ನೇತಾಡುತ್ತದೆ, ನನಗೆ ಕಂಡರೆ ಬೇಸರ. ಆದರೆ ಪುಸ್ತಕ ಓದದಿರಲು ಅದನ್ನೇ ಜಾಮೀನು ಕೊಟ್ಟವರನ್ನು ಈಗಲೇ ನೋಡಿದ್ದು.

ಆದರೆ ಯೋಚನೆ ಮಾಡಿ. ಆ ಪುಸ್ತಕವನ್ನು ಅವರು ತೆರೆದಿಲ್ಲ. ನಿಮ್ಮಲ್ಲಿ ಉಳಿದ ನಾಲ್ವರಲ್ಲಿ ಎಷ್ಟು ಜನ ತೆರೆದಿದ್ದೀರಿ ಅಂತ ಕೇಳುವುದಿಲ್ಲ, ಸುಮ್ನೆ ಮುಜುಗರ. ಆದರೂ ಹಳಗನ್ನಡದ ಒಂದು ಸಾಲು ಆಕೆಯ ನಾಲಿಗೆ ಮೇಲಿದೆ. ಸರಿಯಾದ ಹೊತ್ತಿಗೆ, ಸರಿಯಾದ ಜಾಗದಲ್ಲಿ, ನಿಮ್ಮನ್ನು ಬಾಯಿ ಮುಚ್ಚಿಸಲು ಬಳಕೆಗೂ ಬಂದಿದೆ. ಎಲ್ಲಿಂದ ಬಂತು? ಯಾರೋ ಹೇಳಿದ್ದು, ಎಲ್ಲೋ ಕೇಳಿದ್ದು. ನಮ್ಮ ಕಡೆ ಪುಸ್ತಕ ಬಹಳ ಕಾಲ ನಡೆದು ಬಂದ ದಾರಿಯೇ ಅದು.

ಶ್ರಾವಣದಲ್ಲಿ ನಿಮ್ಮ ಊರುಗಳ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ಹಚ್ಚುವುದನ್ನು ನೋಡಿದ್ದೀರಿ. ಸಂಜೆ ಊಟ ಮುಗಿಸಿ ಚಾಪೆ ಹಿಡಿದುಕೊಂಡು ಜನ ಬರುತ್ತಾರೆ. ಒಬ್ಬರು ಪದ್ಯ ಹಾಡುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ಹಾರ್ಮೋನಿಯಂ, ತಬಲಾ ಇರುತ್ತದೆ. ಅರ್ಥ ಹೇಳುವವರು ಪದ್ಯದ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ? ಹೇಮರೆಡ್ಡಿ ಮಲ್ಲಮ್ಮನಿಗೆ ಅತ್ತೆ ಕೊಟ್ಟ ಕಾಟದ ಒಂದು ಪದ್ಯ ಬಂತೋ, ಊರಿನ ಅತ್ತೆ ಸೊಸೆಯರ ಕಡೆ ಹೊರಳುತ್ತಾರೆ. ಅಲ್ಲಿಂದ ಕುಡಿದು ಬರುವ ಗಂಡ, ಮಾರಿದ ಎತ್ತು, ಬಾರದ ಮಳೆ. ಕೇಳುವವರಲ್ಲಿ ಯಾರೋ ಕಣ್ಣೊರೆಸಿಕೊಳ್ಳುತ್ತಾರೆ, ಯಾರೋ ಪಕ್ಕದವಳ ತೊಡೆ ತಿವಿದು ನಗುತ್ತಾರೆ. ಆಮೇಲೆ ತಾನಾಗಿಯೇ ಮುಂದಿನ ಪದ್ಯ. ಹೀಗೆ ತಿಂಗಳು ನಡೆದು ಮಂಗಲ ಆಗುತ್ತದೆ. ಅಕ್ಷರ ಬಾರದ ಎಷ್ಟೋ ಅಜ್ಜಿಯರಿಗೆ ಮಲ್ಲಮ್ಮನ ಕಥೆ ಪೂರ್ತಿ ಬರುತ್ತದೆ, ಯಾವ ಮಾತಿಗೆ ಯಾವ ಉತ್ತರ ಎಂಬುದೂ ಬರುತ್ತದೆ. ಪದ್ಯ ಬಿಟ್ಟು ಆಚೆ ಹೋಗಬಾರದು ಅಂತ ಯಾರಾದರೂ ನಿಯಮ ಮಾಡಿದ್ದರೆ ಎರಡನೇ ದಿನಕ್ಕೆ ಅಲ್ಲಿ ಹಾರ್ಮೋನಿಯಂನವನೊಬ್ಬನೇ ಉಳಿಯುತ್ತಿದ್ದ.

ಹಾಗಾಗಿ ನಿಯಮ ಬೇಡ ಎಂಬುದು ನನ್ನ ಮಾತು. ಮಾತು ಅತ್ತೆಯ ಮೊಣಕಾಲಿಗೆ ಹೋದರೆ ಹೋಗಲಿ.

ಮನೆಯ ಮಾತು ಬೇರೆ, ಸಾಹಿತ್ಯ ಬೇರೆ ಅಂತ ನಿಮ್ಮ ಆಫೀಸಿನವರು ತಿಳಿದಿರಬಹುದು. ಅವರಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿ. ಪಕ್ಕದ ರಾಯಚೂರು ಜಿಲ್ಲೆಯವಳು, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಅವರ ಊರು ಅನ್ನುತ್ತಾರೆ. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವವನು. ಒಂದು ದಿನ ದಿನಕ್ಕಿಂತ ಜಾಸ್ತಿ ತಂದ. ಲಕ್ಕಮ್ಮ ಬಾಗಿಲಲ್ಲೇ ತಡೆದು ತರಾಟೆಗೆ ತೆಗೆದುಕೊಂಡಳು. 'ಈಸಕ್ಕಿಯಾಸೆ ನಿಮಗೇಕೆ' ಅಂತ ಕೇಳಿ, ತಂದಲ್ಲೇ ಸುರಿದು ಬನ್ನಿ ಅಂದಳು. ಗಂಡ ಸಂತೆಯಿಂದ ಲೆಕ್ಕ ತಪ್ಪಿ ಸಾಮಾನು ತಂದಾಗ ನಮ್ಮ ಮನೆಗಳಲ್ಲಿ ನಡೆಯುವ ಮಾತೇ ಅಲ್ವಾ? ಇದು ಹನ್ನೆರಡನೇ ಶತಮಾನದ ವಚನ. ಇವತ್ತು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ.

ಇನ್ನೊಂದೂ ಇದೆ. 1993ರಲ್ಲಿ ಕೊಪ್ಪಳದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ನಿಮ್ಮಲ್ಲಿ ಯಾರಾದರೂ ಆಗ ಲಂಗ ಹಾಕಿಕೊಂಡು ಮೆರವಣಿಗೆ ನೋಡಿರಬಹುದು. ಅಧ್ಯಕ್ಷರು ಸಿಂಪಿ ಲಿಂಗಣ್ಣ. ಇಂಡಿ ಕಡೆಯ ಹಲಸಂಗಿಯ ಗೆಳೆಯರ ಗುಂಪಿನವರು. ಕವಿ ಮಧುರಚೆನ್ನರ ಜೊತೆ ಸೇರಿ ಆ ಗೆಳೆಯರು ಮಾಡಿದ ದೊಡ್ಡ ಕೆಲಸ ಎಂದರೆ, ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಕೂತು ಬರೆದುಕೊಂಡದ್ದು. ಆ ಹಾಡುಗಳಲ್ಲಿ ಇರುವುದೇನು? ತವರು, ಅಣ್ಣ ಕಳಿಸದ ಸೀರೆ, ನಾದಿನಿಯ ನಾಲಿಗೆ, ಕೂಸಿನ ಅಳು. ನಿಮ್ಮ ಬೋಗಿಯ ಮಾತಿಗೂ ಅದಕ್ಕೂ ನನಗೆ ಜಾಸ್ತಿ ದೂರ ಕಾಣುವುದಿಲ್ಲ. ಸಮ್ಮೇಳನ ಎಲ್ಲೀತನಕ ಬಂತು ಅಂತ ಇನ್ನೊಮ್ಮೆ ಕೇಳಿದರೆ, 93ರಲ್ಲೇ ನಮ್ಮೂರಿಗೆ ಬಂದು ಹೋಯ್ತು ಅನ್ನಿ.

ಇನ್ನು 2024ರ ಆಗಸ್ಟಿನ ಮಾತು. "ಡ್ಯಾಮಿನ ಗೇಟು ಹೋದಾಗ ವಾರಗಟ್ಟಲೆ ಪುಸ್ತಕ ಮುಟ್ಟಲೇ ಇಲ್ಲ" ಅಂತ ಬರೆದಿದ್ದೀರಿ. ಮುಟ್ಟಿದ್ದರೆ ನಾನೇ ಬೈಯುತ್ತಿದ್ದೆ. ಆ ತಿಂಗಳ 10ರ ರಾತ್ರಿ ಚೈನು ತುಂಡಾಗಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತು. ತುಂಬಿದ ಡ್ಯಾಮು, ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ನಾಟಿ ಮಾಡಿದ ಗದ್ದೆಗಳು. ಬಳ್ಳಾರಿಯ ನಮ್ಮ ಆಫೀಸಿನಲ್ಲೂ ಬೇರೆ ಮಾತಿರಲಿಲ್ಲ. ನಿಮ್ಮ ಟೀಚರ್ ಗೆಳತಿಯ ತವರು ಗಂಗಾವತಿ ಕಡೆ, ಅವರ ಅಪ್ಪ ಆ ವಾರ ಊಟ ಬಿಟ್ಟು ಟಿವಿ ಮುಂದೆ ಕೂತಿದ್ದರು ಅಂತ ಬರೆದಿದ್ದೀರಿ. ಹರಿವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲಿಗೆ ನೀರು ತಡೆಯುವ ಉಕ್ಕಿನ ಅಡ್ಡಪಟ್ಟಿ, ಇಳಿಸಿದ ದಿನ ಬೋಗಿಯಲ್ಲಿ ಯಾರೋ ಪೇಡೆ ಹಂಚಿದರಂತೆ. ಇದನ್ನು 'ಓದಿಗೆ ಅಡ್ಡಿ'ಯ ಪಟ್ಟಿಯಲ್ಲಿ ಯಾಕೆ ಸೇರಿಸಿದಿರಿ?

ಒಂದು ಕಡೆ ಮಾತ್ರ ನಾನು ಸ್ವಲ್ಪ ಗಟ್ಟಿ. ವಾಟ್ಸಾಪ್ ಗುಂಪು ಮಾಡಿ, ದಿನಕ್ಕೆ ಎಷ್ಟು ಪುಟ ಓದಿದೆ ಅಂತ ಎಲ್ಲರೂ ಹಾಕಬೇಕು ಎಂಬ ಯೋಚನೆ ಇದೆಯಂತೆ. ದಯವಿಟ್ಟು ಬೇಡ. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಓಡಿ ರೈಲು ಹಿಡಿಯುವವರು ಪುಟದ ಲೆಕ್ಕವನ್ನೂ ಒಪ್ಪಿಸಬೇಕಾ? ವಾರದೊಳಗೆ ಸುಳ್ಳು ಲೆಕ್ಕ ಶುರುವಾಗುತ್ತದೆ, ಆಮೇಲೆ ಗುಡ್ ಮಾರ್ನಿಂಗ್ ಹೂವು.

ಅದರ ಬದಲು ಹೀಗೆ ಮಾಡಿ. ಪುಸ್ತಕ ಬ್ಯಾಗಿನಲ್ಲಿ ಉಳಿಯಬಾರದು, ಯಾರದಾದರೂ ಕೈಯಲ್ಲಿರಬೇಕು. ರೈಲು ಹೊರಟ ಕೂಡಲೇ ಒಬ್ಬರು ಒಂದು ಪುಟ ಗಟ್ಟಿಯಾಗಿ ಓದಲಿ. ಒಂದೇ ಪುಟ. ಎದುರು ಸೀಟಿನವರು ರೀಲ್ಸ್ ಹಚ್ಚಿದ್ದರೆ ಇನ್ನಷ್ಟು ಗಟ್ಟಿಯಾಗಿ. ಆಮೇಲೆ ಮಾತು ಎಲ್ಲಿಗೆ ಬೇಕಾದರೂ ಹೋಗಲಿ. ಪುಸ್ತಕ ಕೈಯಲ್ಲಿದ್ದರೆ ಬಂಗಾರದ ಪ್ರಶ್ನೆ ಬಂದಾಗ ತೆಗೆದು ನೋಡಬಹುದು. ಸೀರೆ ಅಂಗಡಿಯವರಿಗೆ ಓದಿ ಅಂತ ಹೇಳಲೇ ಹೋಗಬೇಡಿ. ಓದುವ ಸರದಿಯಲ್ಲೂ ಸೇರಿಸಬೇಡಿ. ಒಂದು ಪುಟ ಕೇಳಿ, "ಮುಂದೇನಾತು?" ಅಂತ ಅವರು ಕೇಳಿದ ದಿನ ಪುಸ್ತಕ ಅವರ ಬ್ಯಾಗಿಗೆ ಹಾಕಿಬಿಡಿ. ಕೇಳದಿದ್ದರೆ ಶೇಂಗಾ ಸುಲಿಯಲಿ.

ಹತ್ತು ಪುಸ್ತಕದ ಪಟ್ಟಿ ಕೊಡುವುದಿಲ್ಲ. ಪಟ್ಟಿ ಕೊಟ್ಟರೆ ಅದು ಸಿಲೆಬಸ್ ಆಗುತ್ತದೆ, ಮೂರನೆಯದು ಮುಗಿಯುವ ಮೊದಲೇ ನನ್ನನ್ನು ಬೈಯುತ್ತೀರಿ. ಭಾನುವಾರ ಐದೂ ಜನ ಸೇರಿ ಸರ್ಕಾರಿ ಗ್ರಂಥಾಲಯಕ್ಕೆ ಹೋಗಿ. ನೀವು ಕಟ್ಟುವ ಮನೆ ಕಂದಾಯದ ಜೊತೆ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಸೇರಿರುತ್ತದೆ. ರಸೀದಿ ತೆಗೆದು ನೋಡಿ. ದುಡ್ಡು ಆಗಲೇ ಕೊಟ್ಟಾಗಿದೆ, ಸಂಕೋಚ ಬೇಡ. ಕಪಾಟಿನ ಮುಂದೆ ನಿಂತು, ಯಾವುದಾದರೂ ಪುಸ್ತಕದ ನಡುವಿನ ಪುಟ ತೆಗೆದು ಓದಿ. ಹಿಡಿದರೆ ತನ್ನಿ, ಇಲ್ಲದಿದ್ದರೆ ಅಲ್ಲೇ ಇಡಿ. ಪುಟದಂಚಿನಲ್ಲಿ 'ಇಲ್ಲಿ ನನಗ ಸಿಟ್ಟು ಬಂತು' ಅಂತ ಪೆನ್ಸಿಲಿನಲ್ಲಿ ಬರೆಯುವ ಅಭ್ಯಾಸ ನರ್ಸ್ ಅವರಿಗಿದೆ ಅಂದಿರಲ್ಲ, ಅದನ್ನು ಸ್ವಂತ ಪುಸ್ತಕಕ್ಕೆ ಮಾತ್ರ ಇಟ್ಟುಕೊಳ್ಳಲಿ.

ಕೊನೆಗೆ ನಾನೇ ಒಂದು ಕೇಳುತ್ತೇನೆ. ಆ ಬಂಗಾರದ ಜಗಳವನ್ನು ಪೂರ್ತಿ ಬರೆದು ಕಳಿಸಿ. ಐದು ಜನರೂ ಬರಲಿ, ಹೆಸರು ಬದಲಿಸಿ. ಆಡಿದ ಮಾತು ಆಡಿದ ಹಾಗೇ ಇರಲಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಕಾಗದದ ಒಂದೇ ಬದಿಗೆ ಬರೆಯಿರಿ, ಮೊಬೈಲಿನಲ್ಲಿ ಟೈಪ್ ಮಾಡಿದರೂ ಆದೀತು. ದೀಪಾವಳಿ ಸಂಚಿಕೆಗೆ ಬೇಕು, ದಸರೆಯೊಳಗೆ ನನ್ನ ಕೈಗೆ ಸೇರಲಿ. ಸೀರೆ ಅಂಗಡಿಯವರಿಗೆ ಒಮ್ಮೆ ಓದಿ ತೋರಿಸಿಯೇ ಕಳಿಸಿ. ಅವರು ಏನಾದರೂ ಸೇರಿಸು ಅಂದರೆ ಅದನ್ನೂ ಸೇರಿಸಿ.

— ಸಂಪಾದಕ