ಗಾಯನ ಕೂಟಕ್ಕೆ ಬರುವ ಹೊಸಬರಿಗೆ ಪ್ರತ್ಯೇಕ ಸಮಯ ಇಡಬೇಕೇ?

ನಿಮ್ಮ ತಿಂಗಳ ಜಾನಪದ ಗಾಯನ ಕೂಟದಲ್ಲಿ ಹವ್ಯಾಸಿಗಳು ಶ್ರುತಿ ತಪ್ಪುತ್ತಾರೆ, ನುರಿತವರು ಬೇಸತ್ತು ಎದ್ದುಹೋಗುತ್ತಾರೆ, ಆದ್ದರಿಂದ ಮೊದಲ ಅರ್ಧ ಗಂಟೆಯನ್ನು ಹೊಸಬರಿಗೇ ಬಿಟ್ಟುಕೊಡಬಹುದೇ ಎಂದು ಕೇಳಿದ್ದೀರಿ. ಹತ್ತು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ನಾವು ಮಾಡಿದ್ದೂ ಅದನ್ನೇ.

ಕುಂದಗೋಳ ತಾಲ್ಲೂಕಿನ ನಮ್ಮೂರ ಮಠದಲ್ಲಿ ಅಮಾವಾಸ್ಯೆಯ ರಾತ್ರಿ ನಡೆಯುತ್ತಿದ್ದ ತತ್ವಪದಗಳ ಭಜನೆಯನ್ನು ಕೇಳುತ್ತ ಬೆಳೆದವನು ನಾನು. ನೌಕರಿಗೆಂದು ಹುಬ್ಬಳ್ಳಿಗೆ ಬಂದ ಮೇಲೆ ಏಳೆಂಟು ಗೆಳೆಯರು ಸೇರಿ ಬಡಾವಣೆಯ ಗುಡಿಯೊಂದರ ಪಡಸಾಲೆಯಲ್ಲಿ ಅದನ್ನೇ ಆರಂಭಿಸಿದೆವು. ಒಂದು ತಬಲಾ, ಎರಡು ಜೋಡಿ ತಾಳ, ಒಂದು ದಮ್ಮಡಿ, ಜೊತೆಗೆ ನನ್ನ ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ. ಮೊದಲ ಅರ್ಧ ಗಂಟೆ ಹೊಸಬರದು ಎಂದು ಸಾರಿದ ಮೇಲೆ ನುರಿತವರು ಆ ಅರ್ಧ ಗಂಟೆ ಕಳೆದ ನಂತರವೇ ಬರತೊಡಗಿದರು. ಹೊಸಬರು ಹೊಸಬರಿಗಷ್ಟೇ ಹಾಡಿಕೊಂಡರು.

ಆದರೆ ನಾನು ಮಾಡಿದ ದೊಡ್ಡ ತಪ್ಪು ಅದಲ್ಲ. ಒಂದು ಸಂಜೆ ಅರವತ್ತು ದಾಟಿದ ಮಹಿಳೆಯೊಬ್ಬರು ಶಿಶುನಾಳ ಶರೀಫರ ಪದವೊಂದನ್ನು ಎತ್ತಿಕೊಂಡರು. ಮದುವೆಮನೆಗಳಲ್ಲಿ ಸೋಬಾನೆ ಹಾಡಿ ಪಳಗಿದ ಕಂಠ ಅವರದು, ಆದರೆ ಪೇಟಿಯ ಮುಂದೆ ಹಾಡಿದವರಲ್ಲ. ಗಂಡಸರಿಗೆ ಒಗ್ಗುವ ಕಪ್ಪು ಒಂದರ, ಅಂದರೆ ಪೇಟಿಯ ಸಪ್ತಕದ ಮೊದಲ ಕಪ್ಪು ಮನೆಯ ಶ್ರುತಿಯಲ್ಲೇ ನಾನು ಪೇಟಿ ಹಿಡಿದಿದ್ದೆ. ಅವರ ದನಿ ನಿಲ್ಲುವುದು ಕಪ್ಪು ನಾಲ್ಕರ ಆಸುಪಾಸಿನಲ್ಲಿ. ಕಪ್ಪು ಒಂದರಲ್ಲಿ ಕೆಳಗೆ ಹಾಡಿದರೆ ಅವರ ದನಿಯೇ ಏಳದು, ಒಂದು ಸಪ್ತಕ ಮೇಲೇರಿದರೆ ಒಡೆಯುತ್ತದೆ. ಎರಡನೆಯ ನುಡಿಯಲ್ಲಿ, ಅಂದರೆ ಚರಣದಲ್ಲಿ, ಒಡೆಯಿತು. ಸಹಾಯ ಮಾಡುತ್ತಿದ್ದೇನೆ ಎಂದುಕೊಂಡು ನಾನು ಗಟ್ಟಿಯಾಗಿ ಆ ನುಡಿಯನ್ನು ಎತ್ತಿಕೊಂಡೆ. ಹಿಮ್ಮೇಳಕ್ಕೆ ಮುಂದಾಳು ಯಾರೆಂದು ಯಾರೂ ಹೇಳಬೇಕಿಲ್ಲ. ಪೇಟಿ ಯಾರ ಕೈಯಲ್ಲಿದೆಯೋ, ದನಿ ಯಾರದು ದೊಡ್ಡದೋ ಅವರ ಬೆನ್ನಿಗೆ ಹೋಗುತ್ತದೆ. ಎಲ್ಲರೂ ನನ್ನನ್ನು ಹಿಂಬಾಲಿಸಿದರು. ಆಕೆ ಬಾಯಿ ಮುಚ್ಚಿ, ಮಂಡಿಯ ಮೇಲೆ ಎರಡು ಬೆರಳಿನಿಂದ ತಾಳ ಹಾಕುತ್ತ ಕುಳಿತರು. ‘ಶಿಶುನಾಳಧೀಶ’ ಎಂಬ ಅಂಕಿತದವರೆಗೂ ನಾನೇ ಹಾಡಿ ಮುಗಿಸಿ, ಚಹಾ ಕೊಡುವಾಗ "ಚೊಲೋ ಹಾಡಿದ್ರಿ ಅಕ್ಕಾರ" ಎಂದೆ. "ಪದ ನೀವ ಮುಗಿಸಿದ್ರೆಲ್ಲ, ಚೊಲೋ ಆತು ಬಿಡ್ರಿ" ಎಂದರು. ಮತ್ತೆ ಬರಲಿಲ್ಲ.

ಇದನ್ನು ನಾನು ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ. ಹಾಡುವ ಮೊದಲು ಒಂದು ಸಾಲು ಗುನುಗಿಸಿದ್ದರೆ ಅವರ ಶ್ರುತಿ ಅರ್ಧ ನಿಮಿಷದಲ್ಲಿ ಸಿಗುತ್ತಿತ್ತು. ಅದನ್ನು ಮಾಡಲಿಲ್ಲ, ಸರಿ. ದನಿ ಒಡೆದಾಗಲಾದರೂ ನುಡಿಯನ್ನು ಬಿಟ್ಟು ಪಲ್ಲವಿಗೆ ಮರಳಬಹುದಿತ್ತು. ಪ್ರತಿ ನುಡಿಯ ನಂತರ ಪಲ್ಲವಿ ಬರುತ್ತದೆ, ಅದನ್ನು ಎಲ್ಲರೂ ಹಿಡಿಯುತ್ತಾರೆ, ಅಷ್ಟರಲ್ಲಿ ಹಾಡುವವರು ಉಸಿರು ತೆಗೆದುಕೊಂಡು ಮುಂದಿನ ನುಡಿಯನ್ನು ನೆನಪಿಸಿಕೊಳ್ಳುತ್ತಾರೆ. ಎಡವಿದವರನ್ನು ಎತ್ತುವ ಕೈ ಪದದ ಕಟ್ಟಿನಲ್ಲೇ ಇತ್ತು, ನಾನು ನನ್ನ ಕೈ ಚಾಚಿದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹವ್ಯಾಸಿ, ನುರಿತವ ಎಂಬ ವಿಂಗಡಣೆ ಸ್ಪರ್ಧೆಯ ವೇದಿಕೆಯಿಂದ ಬಂದದ್ದು. ಬೀಸುವ ಕಲ್ಲಿನ ಎರಡೂ ಬದಿಗೆ ಕುಳಿತ ಹೆಂಗಸರು ಯಾರಿಗಾಗಿಯೂ ಹಾಡುತ್ತಿರಲಿಲ್ಲ. ಸೋಬಾನೆಯಲ್ಲಿ ಒಬ್ಬರು ಹೇಳಿದ ಸಾಲನ್ನು ಉಳಿದವರು ಎತ್ತಿಕೊಳ್ಳುತ್ತಾರೆ, ಹೊಸಬರು ಕಲಿಯುವುದೂ ಅಲ್ಲೇ. ಹೊಸಬರನ್ನು ತಾಳ ಹಾಕುವವರ ಪಕ್ಕದಲ್ಲಿ ಕೂರಿಸಿ. ಮೊದಲ ಒಂದೆರಡು ತಿಂಗಳು ಪಲ್ಲವಿಗೆ ದನಿ ಸೇರಿಸಲಿ, ಆಮೇಲೆ ತಾವಾಗಿ ಪದ ಕೇಳುತ್ತಾರೆ. ಸಾಹಿತ್ಯವನ್ನು ಮೊಬೈಲಿನಲ್ಲಿ ನೋಡಿಕೊಂಡರೆ ತಪ್ಪೇನಿಲ್ಲ, ವಿಡಿಯೋ ಮಾತ್ರ ಬೇಡವೇ ಬೇಡ. ಚಿಕ್ಕ ಪಡಸಾಲೆಗೆ ಮೈಕು ಏಕೆ ಬೇಕೋ ನನಗೆ ಇಂದಿಗೂ ತಿಳಿದಿಲ್ಲ. ಬೇಸತ್ತು ಎದ್ದುಹೋಗುವ ನುರಿತವರಿಗೆ ಹಿಮ್ಮೇಳಕ್ಕೆ ಕೂರಲು ಹೇಳಿ, ಒಲ್ಲೆ ಎಂದರೆ ಹೋಗಲಿ. ನಮ್ಮ ತಬಲಾದವರು ಹಾಗೆಯೇ ಹೋದರು. ಎರಡು ತಿಂಗಳು ಬರೀ ತಾಳ, ದಮ್ಮಡಿಯಲ್ಲಿ ನಡೆಸಿದೆವು.

ಈಗ ಬೇರೆಯವರ ಪದಕ್ಕೆ ನಾನು ಪಲ್ಲವಿಯ ಹೊರತು ಬಾಯಿ ತೆರೆಯುವುದಿಲ್ಲ. ಕಳೆದ ತಿಂಗಳು ಒಬ್ಬ ಹುಡುಗ ಮೂರನೆಯ ನುಡಿ ಮರೆತ. ಪಲ್ಲವಿಯನ್ನು ಐದು ಸಲ ಸುತ್ತಿಸಿದೆವು, ಆದರೂ ನೆನಪಾಗದೆ ಅವನು ನೇರವಾಗಿ ಅಂಕಿತದ ನುಡಿಗೆ ಹಾರಿದ. ಒಂದು ನುಡಿ ಬಿಟ್ಟುಹೋದದ್ದು ಕುಳಿತವರಲ್ಲಿ ಮೂರು ಜನರಿಗಾದರೂ ಗೊತ್ತಾಗಿತ್ತು, ಯಾರೂ ಹೇಳಲಿಲ್ಲ.