ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಮೊದಲ ಆಲ್ಬಂ ಅವರ ಮುಂದಿನ ಆಲ್ಬಂಗಳಿಗಿಂತ ಇಷ್ಟು ಬೇರೆ ಥರ ಕೇಳಿಸುವುದು ಯಾಕೆ?

ತಂಡದ ಆಗಿನ ಗಾಯಕ, ಗಿಟಾರ್ ವಾದಕ ಸಿಡ್ ಬ್ಯಾರೆಟ್ ಕಾರಣ. 1967ರ ಆಗಸ್ಟ್‌ನಲ್ಲಿ ಬಂದ 'ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್' ಆಲ್ಬಂನ 11 ಹಾಡುಗಳಲ್ಲಿ 8 ಅವರೊಬ್ಬರೇ ಬರೆದವು. ಬೆಕ್ಕು, ಸೈಕಲ್, ಬೆದರುಬೊಂಬೆ, ಅಮ್ಮ ಓದಿ ಹೇಳುವ ಕಥೆ, ಹೀಗೆ ಬಹುಪಾಲು ಮಕ್ಕಳ ಲೋಕ. ಆಲ್ಬಂನ ಹೆಸರೂ ಒಂದು ಮಕ್ಕಳ ಪುಸ್ತಕದ ಅಧ್ಯಾಯದ್ದೇ. ನಡುವೆ ಸುಮಾರು 10 ನಿಮಿಷದ 'ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್' ಬರುತ್ತದೆ. ಅದರಲ್ಲಿ ಮಾತೇ ಇಲ್ಲ. ಗಟ್ಟಿಯಾದ ಗಿಟಾರ್ ಧಾಟಿಯಿಂದ ಶುರುವಾಗಿ, ತಾಳ ತಪ್ಪಿದಂತೆ ಎಲ್ಲೆಲ್ಲೋ ತೇಲಿ, ಕೊನೆಗೆ ಮತ್ತೆ ಅದೇ ಧಾಟಿಗೆ ಮರಳುತ್ತದೆ. ನನಗೆ ಜಾಸ್ತಿ ಇಷ್ಟ ಇದೇ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ.

1968ರಲ್ಲಿ ಬ್ಯಾರೆಟ್ ತಂಡ ಬಿಟ್ಟರು. ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಆಗಲೇ ಸೇರಿದ್ದರು. ಮುಂದೆ ಸಾಹಿತ್ಯದ ಹೊಣೆ ಹೆಚ್ಚಾಗಿ ತಂಡದ ಬಾಸ್ ಗಿಟಾರ್ ವಾದಕ ರೋಜರ್ ವಾಟರ್ಸ್ ಅವರದಾಯಿತು. ಬರೆಯುವವರು ಬದಲಾದರೆ ಹಾಡೂ ಬದಲಾಗುತ್ತದೆ, ಅಲ್ವಾ?